ಎಲ್ಲಿಗೆ ಹೊರಟ್ರಿ ತಾತ?

ನಾಲ್ಕು ಭಾಷೆ ಬಲ್ಲವನಿಗೆ ನಾಲ್ಕು ಜನರ ಬುದ್ಧಿ ಇರುತ್ತದೆ ಅಂತ ನಮ್ಮ ಕಾಲೇಜಿನ ಮೇಷ್ಟ್ರೊಬ್ಬರು ಆಗಾಗ ಹೇಳುತ್ತಾರೆ. ಶುದ್ಧ ಸುಳ್ಳು. ನಾಲ್ಕು ಭಾಷೆ ಬಲ್ಲವನು ಒಂದೇ ತಪ್ಪನ್ನು ನಾಲ್ಕು ಭಾಷೆಯಲ್ಲಿ ಮಾಡಬಲ್ಲ, ಅಷ್ಟೆ. ಅದಕ್ಕೆ ನಾನೇ ಸಾಕ್ಷಿ. ಮನೆಯಲ್ಲಿ ಕನ್ನಡ, ಅಜ್ಜಿಗೆ ಸಿಟ್ಟು ಬಂದಾಗ ತೆಲುಗು, ಕೋಲಾರದ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಕವರಿಗೆ ಚೌಕಾಸಿ ಮಾಡುವಾಗ ದಖನಿ ಉರ್ದು, ಇನ್ನು ಇಂಗ್ಲಿಷಂತೂ ನಮ್ಮ ಬೀದಿಯಲ್ಲಿ ನನ್ನಷ್ಟು ಜೋರಾಗಿ ಮಾತಾಡುವವರು ಯಾರೂ ಇಲ್ಲ. ಸರಿಯಾಗಿ ಅಂತ ನಾನು ಹೇಳಲಿಲ್ಲ, ಜೋರಾಗಿ ಅಂದೆ.

ಈ ಪ್ರತಿಭೆಯನ್ನು ಪ್ರಪಂಚಕ್ಕೆ ತೋರಿಸುವ ಅವಕಾಶ ಸಿಕ್ಕಿದ್ದು ಡಾಫಿ ಅಕ್ಕ ಬಂದ ಮೇಲೆ. ಡಾಫಿ ಅಕ್ಕ ಮೇಘಾಲಯದವಳು. ಕೃಷಿ ಓದುತ್ತಿದ್ದಾಳೆ. ರೇಷ್ಮೆ ಹುಳು ಸಾಕುವುದನ್ನು ಕಲಿಯಲು ಅವರ ಕಾಲೇಜಿನವರು ಒಂದು ತಿಂಗಳ ಮಟ್ಟಿಗೆ ಅವಳನ್ನು ನಮ್ಮ ಮನೆಗೆ ಕಳುಹಿಸಿದ್ದರು. ಅವಳಿಗೆ ಕನ್ನಡ ಬರದು, ನಮ್ಮ ತಾತ ಅಜ್ಜಿಗೆ ಇಂಗ್ಲಿಷ್ ಬರದು. ಮಧ್ಯದಲ್ಲಿ ಸೇತುವೆಯ ಹಾಗೆ ನಾನು. ಸೇತುವೆ ಅಂದರೆ ಎರಡೂ ಕಡೆಯವರು ತುಳಿಯುವ ವಸ್ತು ಅಂತ ಆಗ ಹೊಳೆದಿರಲಿಲ್ಲ.

ಮೊದಲನೇ ದಿನವೇ ಅವಳು ಇಂಗ್ಲಿಷಿನಲ್ಲಿ ಕೇಳಿದಳು: "ಚೇತೂ, ನಮ್ಮೂರಲ್ಲಿ ದಾರೀಲಿ ಯಾರು ಸಿಕ್ಕಿದ್ರೂ ಎಲ್ಲಿಗೆ ಹೊರಟ್ರಿ ಅಂತ ಕೇಳ್ತೀವಿ. ಕೇಳದೆ ಹೋದ್ರೆ ಅವರನ್ನ ಕಂಡೂ ಕಾಣದ ಹಾಗೆ ಹೋದಂಗೆ. ನಿಮ್ಮ ಭಾಷೇಲಿ ಅದನ್ನ ಹೇಗೆ ಕೇಳೋದು?" ಮೇಷ್ಟ್ರಾಗುವ ಚಾನ್ಸು ಬಿಟ್ಟೇನೆಯೇ? ಅರ್ಧ ಗಂಟೆ ಕೂರಿಸಿ, "ಎಲ್ಲಿಗೆ ಹೊರಟ್ರಿ ತಾತ?" ಅಂತ ಹೇಳಿಕೊಟ್ಟೆ. ರಾಗ, ಎಳೆತ, ಕೊನೆಯಲ್ಲಿ ಹುಬ್ಬು ಏರಿಸುವುದು, ಎಲ್ಲ ಸಮೇತ. ಸಂಜೆಯ ಹೊತ್ತಿಗೆ ಅವಳ ಉಚ್ಚಾರ ಹೇಗಾಗಿತ್ತೆಂದರೆ, ಕಣ್ಣು ಮುಚ್ಚಿಕೊಂಡು ಕೇಳಿದರೆ ಶ್ರೀನಿವಾಸಪುರದ ಮಾವಿನ ತೋಪಿನಲ್ಲೇ ಹುಟ್ಟಿ ಬೆಳೆದವಳು ಅನ್ನಬೇಕು.

ನಾನು ಹೇಳಿಕೊಡಲು ಮರೆತದ್ದು ಒಂದೇ ಒಂದು ಸಣ್ಣ ವಿಷಯ. ನಮ್ಮ ಕಡೆ ಮನೆಯಿಂದ ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು. ಕೇಳಲೇಬೇಕೆನಿಸಿದರೆ "ದೂರ ಹೊರಟ್ರಾ?" ಅನ್ನಬೇಕು. ಎಲ್ಲಿಗೆ ಅಂತ ಬಾಯಿ ಬಿಟ್ಟರೆ ಹೋದ ಕೆಲಸ ಕೆಟ್ಟಿತು ಅಂತಲೇ ಅರ್ಥ. ಹೊರಟವರು ವಾಪಸ್ಸು ಬಂದು, ಚಪ್ಪಲಿ ಬಿಟ್ಟು, ಕೂತು, ನೀರು ಕುಡಿದು, ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಹೊಸದಾಗಿ ಹೊರಡಬೇಕು. ಬೇರೆ ಮನೆಗಳಲ್ಲಿ ಈಗ ಇದನ್ನು ನೋಡಿಯೂ ನೋಡದ ಹಾಗಿರುತ್ತಾರೆ. ನಮ್ಮ ತಾತ ಹಾಗಲ್ಲ. ಹಿಂದೊಮ್ಮೆ ಕುರಿ ತರಲು ಮುಳಬಾಗಿಲಿಗೆ ಹೊರಟಾಗ ಯಾರೋ ಎಲ್ಲಿಗೆ ಅಂದರಂತೆ. ತಾತ ಲೆಕ್ಕಿಸದೆ ಹೋಗಿ ಕುರಿ ತಂದರಂತೆ. ಮೂರನೇ ದಿನ ಆ ಕುರಿ ಹಗ್ಗ ಕಿತ್ತುಕೊಂಡು ಹೊರಟೇ ಹೋಯಿತಂತೆ. "ಆ ಕುರೀನಾದ್ರೂ ಯಾರಾದ್ರೂ ಎಲ್ಲಿಗೆ ಅಂತ ಕೇಳಿದ್ದಿದ್ರೆ ವಾಪಸ್ ಬಂದು ನೀರು ಕುಡೀತಿತ್ತು" ಅಂತ ಅಜ್ಜಿ ಈಗಲೂ ಹಂಗಿಸುತ್ತಾರೆ. ನಾನು ಪಿಯು ಸೈನ್ಸ್ ಓದುತ್ತಿರುವವನು. ನನಗೆ ಇಂಥ ಮೂಢನಂಬಿಕೆಯೆಲ್ಲ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಮೊದಮೊದಲು ತೊಂದರೆಯೇನೂ ಆಗಲಿಲ್ಲ. ತಾತ ಡೈರಿಗೆ ಹಾಲು ಹಾಕಲು ಹೊರಟರೆ ಡಾಫಿ ಅಕ್ಕ ಕೇಳುತ್ತಿದ್ದಳು. ತಾತ ತಿರುಗಿ ಬಂದು ನೀರು ಕುಡಿದು ಹೋಗುತ್ತಿದ್ದರು. ಮನೆಗೆ ಬಂದ ಹೆಣ್ಣುಮಗಳಿಗೆ ಬೇಡ ಅನ್ನಲು ಅವರಿಗೆ ಸಂಕೋಚ. "ಪಾಪ, ಎಷ್ಟು ಆಸೆಯಿಂದ ಕೇಳ್ತದೆ ಮಗು" ಅನ್ನುವರು. ನನಗೆ ಇದು ದಿನವೂ ಎರಡು ಆಟದ ಪುಕ್ಕಟೆ ಸಿನಿಮಾ. ನಾನ್ಯಾಕೆ ನಿಲ್ಲಿಸಲಿ?

ಆಮೇಲೆ ಬಂತು ಹುಳು ಹಣ್ಣಾಗುವ ದಿನ. ರೇಷ್ಮೆ ಹುಳು ನಾಲ್ಕು ಜ್ವರ, ಅಂದರೆ ನಾಲ್ಕು ಸಲ ಪೊರೆ ಬಿಡುವುದನ್ನು, ಮುಗಿಸಿ, ಹೊಟ್ಟೆ ಬಿರಿಯುವಷ್ಟು ಸೊಪ್ಪು ತಿಂದು, ಒಂದು ಬೆಳಿಗ್ಗೆ ಊಟ ಬಿಟ್ಟು ಹಳದಿ ಬಣ್ಣಕ್ಕೆ ತಿರುಗುತ್ತದೆ. ಅವತ್ತು ಅದನ್ನು ಆಯ್ದು ಚಂದ್ರಿಕೆಗೆ, ಅಂದರೆ ಸುರುಳಿ ಸುರುಳಿಯಾಗಿ ಬಿದಿರು ಪಟ್ಟಿ ಕಟ್ಟಿದ ದೊಡ್ಡ ತಟ್ಟಿಗೆ, ಬಿಡಬೇಕು. ಬಿಡದಿದ್ದರೆ ಹುಳು ನಮಗಾಗಿ ಕಾಯುವುದಿಲ್ಲ. ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿಕೊಂಡು ಒಂದು ತಿಂಗಳ ದುಡಿಮೆಯನ್ನೆಲ್ಲ ಕಸ ಮಾಡುತ್ತದೆ. ನಮ್ಮ ಚಂದ್ರಿಕೆಗಳನ್ನು ಇಲಿಗಳು ಕಡಿದುಹಾಕಿದ್ದವು. ಬಾಡಿಗೆಗೆ ಕೊಡುವ ಸುಗಟೂರಿನ ಬಾಷಾ ಸಾಬರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು: "ನೋಡು ಗೌಡಾ, ಹನ್ನೆರಡ್ರ ತನ್ಕ ಇಟ್ಟಿರ್ತೀನಿ. ಆಮೇಲೆ ಇನ್ನೊಬ್ರು ಕಾಯ್ತಾವ್ರೆ. ನಂಗೆ ದೋಸ್ತಿ ಬೇರೆ, ಚಂದ್ರಿಕೆ ಬೇರೆ."

ಅಪ್ಪ ಅಮ್ಮ ಮದುವೆಗೆಂದು ಗೌನಿಪಲ್ಲಿಗೆ ಹೋಗಿದ್ದರು. "ನಾನು ಹೋಗ್ತೀನಿ ತಾತ" ಅಂದೆ. "ಹೋದ ಸಲ ತಂದ್ಯಲ್ಲ, ಅದ್ರಲ್ಲಿ ಹುಳಕ್ಕಿಂತ ತೂತೇ ಜಾಸ್ತಿ ಇತ್ತು. ಕೂತ್ಕೋ ಸುಮ್ನೆ" ಅಂದರು ತಾತ.

ಹತ್ತು ಗಂಟೆಗೆ ತಾತ ಪಂಚೆ ಬಿಗಿದು ಮೊಪೆಡ್ ಹತ್ತಿದರು. ಗೇಟಿನ ಹತ್ತಿರ ಡಾಫಿ ಅಕ್ಕ ಸೊಪ್ಪಿನ ಮಂಕರಿ ಇಳಿಸಿ, ಮುಖ ಅರಳಿಸಿ, "ಎಲ್ಲಿಗೆ ಹೊರಟ್ರಿ ತಾತ?" ಅಂದಳು. ತಾತ ಇಳಿದರು, ಒಳಗೆ ಬಂದರು, ಕೂತರು, ನೀರು ಕುಡಿದರು. ಹತ್ತೂಕಾಲಿಗೆ ಮತ್ತೆ ಹೊರಟರು. ಡಾಫಿ ಅಕ್ಕ ಇನ್ನೊಂದು ಮಂಕರಿಯ ಜೊತೆ ಎದುರಾಗಿ ಮತ್ತೆ ಕೇಳಿದಳು. ತಾತ ಮತ್ತೆ ಕೂತರು. ಮೂರನೇ ಸಲ ತಾತ ಕಳ್ಳನ ಹಾಗೆ ಹಿತ್ತಲಿಗೆ ಹೋಗಿ, ಕೊಟ್ಟಿಗೆಯ ಪಕ್ಕದ ಮೋಟುಗೋಡೆ ಹತ್ತಿ, ಮೊಪೆಡ್ ಬಿಟ್ಟು ಬಸ್ಸಿಗೇ ಹೋಗೋಣವೆಂದು ಆಚೆ ಹಾರಿದರು. ಎಪ್ಪತ್ತು ದಾಟಿದವರು ಹಾರಿದ್ದು ನೇರವಾಗಿ ತಿಪ್ಪೆಗೆ. ಪಕ್ಕದಲ್ಲೇ ಹುಳುವಿನ ಕಸ ಚೆಲ್ಲುತ್ತಿದ್ದ ಡಾಫಿ ಅಕ್ಕ ಓಡಿಬಂದು ಕೈ ಹಿಡಿದು ಎತ್ತಿ, ಬಹಳ ಕಾಳಜಿಯಿಂದ ಕೇಳಿದಳು: "ಎಲ್ಲಿಗೆ ಹೊರಟ್ರಿ ತಾತ?"

ತಾತನ ಹೊಟ್ಟೆಯಲ್ಲಿ ಈಗ ಮೂರು ಚೊಂಬು ನೀರು. ನಡೆದರೆ ಕೊಡದ ಹಾಗೆ ಕುಲುಕುತ್ತಿತ್ತು. ಹುಳು ಮನೆಯಲ್ಲಿ ಹುಳುಗಳು ತಲೆ ಎತ್ತಿ ಆಡಿಸುತ್ತಾ ಜಾಗ ಹುಡುಕುತ್ತಿದ್ದವು. ಗಂಟೆ ಹನ್ನೊಂದು. ತಾತ ಪಂಚೆಗಂಟಿದ ತಿಪ್ಪೆಯ ಕಸ ಕೊಡವುತ್ತಾ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರು. ಆಗ ಮಾತ್ರ ನನ್ನ ನಗು ಸ್ವಲ್ಪ ಬತ್ತಿತು. ಅಜ್ಜಿ ಗದರಿದರು: "ಆ ಹುಡುಗಿಗೆ ಬಿಡಿಸಿ ಹೇಳೋ! ನಾಲ್ಕು ಭಾಷೆ ಬರ್ತದೆ ಅಂತ ಊರೆಲ್ಲ ಡಂಗುರ ಹೊಡ್ಕೊಂಡ್ ಬರ್ತೀಯಲ್ಲ!"

ಬಿಡಿಸಿ ಹೇಳಿದರೆ, ಕಲಿಸಿದ್ದು ಯಾರು ಅನ್ನುವ ಪ್ರಶ್ನೆ ಬರುತ್ತದೆ. ಅದಕ್ಕೇ ನಾನು ಗಂಭೀರವಾಗಿ ಇಂಗ್ಲಿಷಿನಲ್ಲಿ, "ಅಕ್ಕಾ, ಹುಳು ಹಣ್ಣಾದ ದಿನ ನಮ್ಮಲ್ಲಿ ಯಾರೂ ಮಾತಾಡಬಾರದು. ಪುರಾತನ ಪದ್ಧತಿ" ಅಂದೆ. ಅವಳು ಭಕ್ತಿಯಿಂದ ತಲೆಯಾಡಿಸಿ ಬಾಯಿಗೆ ಬೆರಳಿಟ್ಟುಕೊಂಡಳು. ತಾತ ನಾಲ್ಕನೇ ಸಲ ಮೊಪೆಡ್ ಹತ್ತಿದರು. ಗೇಟಿನಲ್ಲಿ ಡಾಫಿ ಅಕ್ಕ ಒಂದು ಮಾತೂ ಆಡದೆ, ಅಂಗೈ ತಿರುಗಿಸಿ, ಹುಬ್ಬು ಏರಿಸಿ, ಕಣ್ಣಲ್ಲೇ ಕೇಳಿದಳು. ಹುಬ್ಬು ಏರಿಸುವುದನ್ನು ಕಲಿಸಿದವನೂ ನಾನೇ.

"ಕೈಯಲ್ಲಿ ಕೇಳಿದ್ರೂ ಕೇಳ್ದಂಗೇ" ಅಂತ ತಾತ ಅಳುವವರ ಹಾಗೆ ಇಳಿದು ಬಂದರು. ನಾನು ನೋಡುತ್ತಿದ್ದಂತೆ ಡಾಫಿ ಅಕ್ಕನೇ ಓಡಿ ಹೋಗಿ ನೀರಿನ ಚೊಂಬು ತಂದುಕೊಟ್ಟಳು!

ಅಜ್ಜಿ ಅದನ್ನು ನೋಡಿ ಹಣೆ ಚಚ್ಚಿಕೊಂಡರು. ನನ್ನನ್ನು ಪಕ್ಕಕ್ಕೆ ತಳ್ಳಿ ಅವಳ ಮುಂದೆ ನಿಂತರು. ಮೊದಲು ತಾತನನ್ನು ತೋರಿಸಿದರು, ಗೇಟು ತೋರಿಸಿದರು, ಅವಳ ಹಾಗೆಯೇ ಹುಬ್ಬು ಏರಿಸಿದರು. ಆಮೇಲೆ ಮುಖ ಸಿಂಡರಿಸಿ, ವಾಪಸ್ಸು ನಡೆದು ಬಂದು, ಚೊಂಬು ಎತ್ತಿ ನೀರು ಕುಡಿದ ಹಾಗೆ ಮಾಡಿ, ಗಡಿಯಾರ ತೋರಿಸಿ, ಹುಳುಗಳನ್ನು ತೋರಿಸಿ, ಎರಡೂ ಕೈ ಎತ್ತಿ ಎಲ್ಲ ಹೋಯಿತು ಅಂದರು. ಅರ್ಧ ನಿಮಿಷ ಹಿಡಿಯಲಿಲ್ಲ. ಡಾಫಿ ಅಕ್ಕ ತಲೆಯ ಮೇಲೆ ಕೈ ಹೊತ್ತಳು. "ಅಯ್ಯೋ ಚೇತೂ! ನಾನು ಕೇಳಿದಾಗೆಲ್ಲ ತಾತ ಬಂದು ನೀರು ಕುಡೀತಿದ್ರು. ಯಾರಾದ್ರೂ ಕೇಳಿದ್ರೇನೇ ಇಲ್ಲಿನ ಹಿರಿಯರು ನೀರು ಕುಡಿಯೋದು ಅಂದ್ಕೊಂಡಿದ್ದೆ! ಇಷ್ಟು ಬಿಸಿಲಲ್ಲಿ ಬಾಯಾರಿ ಹೋಗ್ತಾರಲ್ಲ ಅಂತ ಗೇಟಲ್ಲೇ ಕಾದು ಕಾದು ಕೇಳ್ತಿದ್ದೆ!" ಇಷ್ಟು ಹೇಳಿ, ಅಜ್ಜಿಯ ಕಡೆ ತಿರುಗಿ, ಯಾವ ಭಾಷೆಯ ಹಂಗೂ ಇಲ್ಲದೆ, ಒಂದೇ ಬೆರಳಿನಿಂದ ನನ್ನನ್ನು ತೋರಿಸಿದಳು.

"ಓರಿ ನೀ!" ಅಂತ ಅಜ್ಜಿ ತೆಲುಗಿಗೆ ಇಳಿದರು. ಮುಂದಿನದನ್ನು ನಾನು ಅನುವಾದಿಸುವುದಿಲ್ಲ.

ಉಪಾಯ ಹೇಳಿದ್ದೂ ಅಜ್ಜಿಯೇ. "ಅವಳ್ನೂ ಕೂರಿಸ್ಕೊಂಡು ಹೋಗ್ರೀ. ಜೊತೇಲಿ ಬರೋಳು ಎಲ್ಲಿಗೆ ಅಂತ ಯಾಕೆ ಕೇಳ್ತಾಳೆ?" ತಾತ ಮುಂದೆ, ಡಾಫಿ ಅಕ್ಕ ಹಿಂದೆ, ಮೊಪೆಡ್ ಹೊರಟಿತು. ನಾನಿಲ್ಲದೆ ಸುಗಟೂರಿನಲ್ಲಿ ಇವರು ಏನು ಮಾತಾಡುತ್ತಾರೋ ನೋಡೋಣ ಅಂತ ಒಳಗೊಳಗೇ ಹಿಗ್ಗಿದೆ. ಒಂದು ಗಂಟೆಗೆ ಚಂದ್ರಿಕೆ ಹೇರಿಕೊಂಡು ಲಗೇಜ್ ಆಟೋ ಬಂತು. ಹಿಂದೆಯೇ ಇಬ್ಬರೂ ನಗುತ್ತಾ ಬಂದರು. ಡಾಫಿ ಅಕ್ಕನ ಮನೆಯವರು ಬಿದಿರು ಹೆಣೆಯುವವರಂತೆ. ಬಾಷಾ ಸಾಬರ ಗುಡ್ಡೆಯಲ್ಲಿ ಒಂದೊಂದನ್ನೂ ಬೆರಳಲ್ಲಿ ತಟ್ಟಿ ನೋಡಿ, ಒಳ್ಳೆಯವನ್ನೇ ಆರಿಸಿ, ಸಡಿಲವಾಗಿದ್ದ ನಾಲ್ಕನ್ನು ಅಲ್ಲೇ ಬಿಗಿದಳಂತೆ. "ಸಾಬ್ರು ಅವಳಿಗೆ ಚಾ ಕೊಟ್ರು ಕಣೋ. ಮೂವತ್ತು ವರ್ಷದಲ್ಲಿ ನಂಗೊಂದ್ ದಿನ ಕೊಟ್ಟಿಲ್ಲ" ಅಂದರು ತಾತ.

ಹುಳು ಆಯುವ ಕೆಲಸ ಶುರುವಾಯಿತು. ಮೂವರೂ ಒಂದೂ ಮಾತಿಲ್ಲದೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದರೆಂದರೆ, ಒಬ್ಬರು ಕೈ ಚಾಚುವ ಮೊದಲೇ ಇನ್ನೊಬ್ಬರು ತಟ್ಟೆ ಕೊಡುತ್ತಿದ್ದರು. ದುಭಾಷಿಯ ಹುದ್ದೆ ರದ್ದಾಯಿತೆಂದು ಖಾತ್ರಿಯಾಯಿತು. ಬೇಡವಾದ ಜಾಗದಲ್ಲಿ ಯಾಕಿರಬೇಕು? ಮೈದಾನದಲ್ಲಿ ಕ್ರಿಕೆಟ್ ಇತ್ತು. ಬ್ಯಾಟನ್ನು ಬೆನ್ನ ಹಿಂದೆ ಇಟ್ಟುಕೊಂಡು ಗೋಡೆಗೆ ಒರಗಿಕೊಂಡೇ ಬಾಗಿಲ ತನಕ ಜಾರಿ, ಹೊಸ್ತಿಲು ದಾಟಿ ಒಂದು ಕಾಲು ಇಟ್ಟೆ.

"ಎಲ್ಲಿಗೆ ಹೊರಟೆ ಚೇತೂ?" ಅಂತ ಒಳಗಿನಿಂದ ಮೂರು ದನಿ ಒಟ್ಟಿಗೇ ಬಂದವು. ಮೂರರಲ್ಲಿ ಮೇಘಾಲಯದ್ದು ಯಾವುದು ಅಂತ ಹೇಳುವುದೇ ಕಷ್ಟವಾಗಿತ್ತು.

ನಾನು ಸೈನ್ಸ್ ಓದುವವನು. ಬಿಸಿಲಿತ್ತು, ಬಾಯಾರಿಕೆಯಾಗಿತ್ತು, ಅದಕ್ಕೇ ವಾಪಸ್ಸು ಬಂದೆ. ಬೇರೆ ಯಾವ ಕಾರಣಕ್ಕೂ ಅಲ್ಲ. ಚಪ್ಪಲಿ ಬಿಟ್ಟು ಕೂತೆ. ನೀರಿನ ಚೊಂಬನ್ನು ಅಜ್ಜಿ ಬಲಗೈಗೆ ಕೊಟ್ಟರು. ಎಡಗೈಗೆ ಡಾಫಿ ಅಕ್ಕ ಹುಳುವಿನ ತಟ್ಟೆ ಕೊಟ್ಟಳು. ಅವತ್ತು ಸಂಜೆಯೊಳಗೆ ನಾನು ಹೊರಟದ್ದು ಆರು ಸಲ. ಆಯ್ದದ್ದು ಏಳು ತಟ್ಟೆ ಹುಳು.