ಬೀಗರ ಬಾಳೆಹಣ್ಣು ಮತ್ತು ಕೊನೆಯ ಏರು

ಓದುವ ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯನ್ನು ಮಗಳ ಜೊತೆ ಕೂತು ಪಾಸು ಮಾಡಿದವನು ನಾನು. ಫೋನಿನಲ್ಲಿ ಒಂದೇ ಬೆರಳಿನಿಂದ ಟೈಪು ಮಾಡುತ್ತೇನೆ. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನದು ಸ್ವಲ್ಪ ಸಂಶಯದ ಸ್ವಭಾವ. ಸೈಕಲ್ಲಿಗೆ ಕೀಲಿ ಹಾಕಿ ಓಣಿಯ ತುದಿಗೆ ಹೋದವನು ತಿರುಗಿ ಬಂದು ಕೀಲಿ ಜಗ್ಗಿ ನೋಡುತ್ತೇನೆ. ಎದುರಿಗೆ ಬಂದವರು ನಕ್ಕರೆ ಮೊದಲು ಅಂಗಿಯ ಗುಂಡಿ ಮುಟ್ಟಿ ನೋಡಿಕೊಳ್ಳುತ್ತೇನೆ. ಇಂಥವನಿಗೆ ದೇವರು ಹಳಿಯಾಳದ ಬಸವಣ್ಣೆಪ್ಪನವರಂಥ ಬೀಗರನ್ನು ಕೊಟ್ಟ. ನನ್ನ ಮಗಳು ಸವಿತಾ ಅವರ ಸೊಸೆ. ಅಷ್ಟೊಂದು ಮರ್ಯಾದೆಯ ಮನುಷ್ಯರನ್ನು ನಂಬುವುದಾದರೂ ಹೇಗೆ? ನಿಶ್ಚಿತಾರ್ಥದ ದಿನ ಊಟಕ್ಕೆ ಎದ್ದಾಗ ಬಾಗಿಲಲ್ಲಿ ನಿಂತು ನನ್ನನ್ನೇ ಮುಂದೆ ನಡೆಯಿರಿ ಎಂದರು. ಹೆಣ್ಣಿನ ಕಡೆಯವನು ನಾನು ಮುಂದೆ ಹೋಗುವುದುಂಟೆ? ನೀವೇ ನಡೆಯಿರಿ ಎಂದೆ. ಹೀಗೇ ಹೇಳುತ್ತ ಹೇಳುತ್ತ ಸಾರು ಆರಿ ಹೋಯಿತು. ಕೊನೆಗೆ ಇಬ್ಬರೂ ಒಮ್ಮೆಗೇ ನುಗ್ಗಿ ಬಾಗಿಲಲ್ಲಿ ಸಿಕ್ಕಿಕೊಂಡೆವು.

ಈಗ ಮೊಮ್ಮಗಳ ಮೊದಲ ಹುಟ್ಟುಹಬ್ಬ ಬಂತು. ಅದು ನಮ್ಮ ದಾಂಡೇಲಿಯ ಮನೆಯಲ್ಲಾಗಲಿ ಎಂದು ನನ್ನ ಹೆಂಡತಿಗೆ ಆಸೆ, ನನಗೂ. ಬೀಗರ ಕಡೆಯ ಹಿರಿಯರು ಮಾತ್ರ ತಂದೆಯ ಮನೆ ಬಿಟ್ಟು ಬೇರೆಲ್ಲೂ ಆಗಕೂಡದು ಎಂದು ಪಟ್ಟು ಹಿಡಿದು ಕೂತಿದ್ದರು. ಅದೇ ಹೊತ್ತಿಗೆ ನಮ್ಮೂರಿನ ಹುಡುಗರು ಹಳಿಯಾಳದಿಂದ ದಾಂಡೇಲಿಯವರೆಗೆ ಸೈಕಲ್ ರೇಸ್ ಇಟ್ಟರು, ಐವತ್ತು ದಾಟಿದವರಿಗೆ ಬೇರೆ ವಿಭಾಗ. ಎಲ್ಲರೂ ಕೂತು ಚಹಾ ಕುಡಿಯುವಾಗ ಬೀಗರು ಬಸಿಯಿಂದ ಮುಖ ಎತ್ತಿ, "ಬೀಗರ, ರೇಸಿನ್ಯಾಗ ನಮ್ಮಿಬ್ಬರೊಳಗ ಯಾರು ಮುಂದ ಬರ್ತಾರೋ ಅವರ ಮನ್ಯಾಗ ಹುಟ್ಟುಹಬ್ಬ. ಒಪ್ಪಿಗಿ ಐತೇನ್ರಿ?" ಎಂದರು. ಅವರ ಹಿರಿಯರು ಜೋರಾಗಿ ನಕ್ಕು ಒಪ್ಪಿದರು. ನಗದೆ ಏನು ಮಾಡುತ್ತಾರೆ? ಬೀಗರು ದಿನಾ ಹೊಲಕ್ಕೆ ಸೈಕಲ್ ತುಳಿಯುವವರು, ಕಾಲುಗಳು ಸಾಗವಾನಿಯ ಬಡ್ಡೆಯಂತಿವೆ. ನಾನು ಮನೆಯಿಂದ ಕಾಗದದ ಮಿಲ್ಲಿಗೆ, ಮಿಲ್ಲಿನಿಂದ ಮನೆಗೆ. ಇದರಲ್ಲಿ ಏನೋ ಇದೆ ಎಂದು ಆಗಲೇ ನನಗೆ ವಾಸನೆ ಬಡಿಯಿತು.

ರೇಸಿನ ದಿನ ವಾಸನೆ ಇನ್ನೂ ಗಾಢವಾಯಿತು. ಹಳಿಯಾಳ ದಾಟುತ್ತಲೇ ಬೀಗರು, ನನ್ನ ಹಿಂದೆ ಬನ್ನಿ, ಎದುರುಗಾಳಿ ತಪ್ಪುತ್ತದೆ ಎಂದರು. ಎದುರಾಳಿಗೆ ಯಾರಾದರೂ ಗಾಳಿ ಮರೆ ಮಾಡಿ ಕೊಡುತ್ತಾರೆಯೇ? ನಾನು ಬೇಕೆಂದೇ ಪಕ್ಕಕ್ಕೆ ಸರಿದು ಪೂರಾ ಗಾಳಿಯನ್ನು ಎದೆಗೆ ತೆಗೆದುಕೊಂಡೆ. ಅರ್ಧ ದಾರಿಯಲ್ಲಿ ಜೇಬಿನಿಂದ ಬಾಳೆಹಣ್ಣು ತೆಗೆದು ಕೊಟ್ಟರು. ಸಿಪ್ಪೆಯ ಮೇಲೆ ಒಂದು ಕರಿಯ ಚುಕ್ಕೆ. ಬಾಳೆಹಣ್ಣಿಗೆ ಚುಕ್ಕೆ ಇರುವುದು ಸಹಜ, ಆದರೆ ಇದು ಸೂಜಿ ಚುಚ್ಚಿದಂತೆ ಕಂಡಿತು. ಕೂಸಿನ ಹುಟ್ಟುಹಬ್ಬದ ವಿಷಯ, ಹೊಟ್ಟೆ ಕೆಟ್ಟರೆ ಗತಿಯೇನು? ತಿರುವಿನಲ್ಲಿ ಅವರ ಕಣ್ಣು ತಪ್ಪಿಸಿ ರಸ್ತೆ ಬದಿಯ ಮಂಗನಿಗೆ ಎಸೆದೆ. ಅದಕ್ಕೇನಾಗುತ್ತದೋ ಎಂದು ತಿರುಗಿ ನೋಡಿದರೆ ಅದು ಇನ್ನೊಂದಕ್ಕೆ ಕೈಚಾಚಿ ಕೂತಿತ್ತು.

ಕೊನೆಗೆ ನಮ್ಮೂರ ಹತ್ತಿರದ ಏರು ಬಂತು. ಮೇಲೆ ರಸ್ತೆಗೆ ಸುಣ್ಣದ ಗೆರೆ ಎಳೆದಿದ್ದರು. ಗೆರೆಯ ಪಕ್ಕದಲ್ಲಿ ನನ್ನ ಹೆಂಡತಿ, ಸವಿತಾ, ಅವಳ ಕಂಕುಳಲ್ಲಿ ಕೂಸು. ಏರಿನಲ್ಲಿ ಮೊದಲು ಜೋರು ಮಾಡಿದವನು ಕೆಡುತ್ತಾನೆ, ಬೆನ್ನ ಹಿಂದೆ ಇದ್ದವನು ಕೊನೆಗೆ ಹಾರಿ ಹೋಗುತ್ತಾನೆ ಎಂದು ಹುಡುಗರು ನನಗೆ ಹೇಳಿಕೊಟ್ಟಿದ್ದರು. ಅದು ನೆನಪಾಗುವುದಕ್ಕೂ ಬೀಗರು ಬಾಯಿ ಬಿಡುವುದಕ್ಕೂ ಸರಿಹೋಯಿತು.

"ನೀವ ಮುಂದ ನಡೀರಿ, ಬೀಗರ."

"ಛೇ, ನೀವಿರೂವಾಗ ನಾ ಹೆಂಗ ಹೋಗ್ಲಿ? ನೀವ ನಡೀರಿ."

"ಇದು ನಿಮ್ಮೂರು. ನೀವ ಮೊದಲ."

"ನಮ್ಮೂರಿಗೆ ಬಂದವರು ನೀವು. ನೀವ ಮೊದಲ."

ಇಬ್ಬರೂ ನಿಧಾನ ಮಾಡುತ್ತ ಮಾಡುತ್ತ ಸೈಕಲ್ಲುಗಳು ನಿಂತೇ ಬಿಡುವಂತಾದವು. ಹ್ಯಾಂಡಲ್ಲು ಅತ್ತಿತ್ತ ಹೊಯ್ದಾಡಿತು. ಹಿಂದಿನಿಂದ ಬಂದ ಇಬ್ಬರು ನಿವೃತ್ತ ಮಾಸ್ತರರು ಗಂಟೆ ಬಾರಿಸಿ ದಾರಿ ಕೇಳಿ ಮುಂದೆ ಹೋದರು. ಮೇಲಿನಿಂದ ನನ್ನ ಹೆಂಡತಿಯ ದನಿ ಬಂತು: "ಅಲ್ರೀ, ಅದೇನು ಊಟದ ಬಾಗಿಲಾ? ತುಳೀರಿ."

ಎದ್ದು ನಿಂತು ತುಳಿದೆ. ಚೈನು ಕಿರುಗುಟ್ಟಿತು, ತೊಡೆ ಉರಿಯಿತು, ಬೀಗರ ಉಸಿರು ನನ್ನ ಕಿವಿಯ ಪಕ್ಕದಲ್ಲೇ ಬುಸುಗುಟ್ಟುತ್ತಿತ್ತು. ಕಣ್ಣಿಗೆ ಕತ್ತಲೆ ಬರುವಷ್ಟರಲ್ಲಿ ಒಂದು ಗಾಲಿಯಷ್ಟು ಮುಂದೆ ಗೆರೆ ದಾಟಿದೆ.

ಸೋತವರು ಬೀಗರು, ಆದರೆ ಗೆದ್ದವರಂತೆ ನಗುತ್ತಿದ್ದರು. ನನ್ನ ಕೈ ತಾನಾಗಿಯೇ ಅಂಗಿಯ ಗುಂಡಿಗೆ ಹೋಯಿತು. ಅವರು ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು: "ಸವಿತಾಗ ತವರಮನ್ಯಾಗ ಮಾಡೂ ಆಸೆ ಇತ್ರಿ. ಬಾಯಿಬಿಟ್ಟು ಕೇಳಲಿಲ್ಲ, ಮಾರಿ ನೋಡಿದ್ರ ತಿಳೀತಿತ್ತು. ನಾ ಹೇಳಿದ್ರ ನಮ್ಮ ಹಿರ್ಯಾರು ಕೇಳಂಗಿಲ್ಲ. ಸೋತ್ರ ಯಾರೇನ ಅಂತಾರ? ಆದ್ರ ನಿಮ್ಮನ್ನ ಇಲ್ಲೀತನಕ ಮುಂದ ತರೂದರಾಗ ನನಗ ಸಾಕುಸಾಕಾತು ನೋಡ್ರಿ."

ತಲೆ ತಗ್ಗಿಸಿದೆ. ಮಂಗನ ವಿಷಯ ಮಾತ್ರ ಹೇಳಲಿಲ್ಲ.

ಹುಟ್ಟುಹಬ್ಬ ನಮ್ಮ ಮನೆಯಲ್ಲೇ ಆಯಿತು. ಕೂಸು ಬೀಗರ ಮೀಸೆ ಹಿಡಿದು ಜಗ್ಗಿತು, ಸವಿತಾ ದಿನವಿಡೀ ನಗುತ್ತಿದ್ದಳು. ಹೋಳಿಗೆ ಬಡಿಸುವ ಹೊತ್ತಿಗೆ ನನ್ನೊಳಗೆ ಒಂದು ಸಂಶಯ ಹೊಕ್ಕಿತು, ಇನ್ನೂ ಹೊರಬಿದ್ದಿಲ್ಲ. ಬೀಗರು ನಿಜವಾಗಿ ಬಿಟ್ಟುಕೊಟ್ಟರೋ, ಇಲ್ಲ ಏರಿನಲ್ಲಿ ದಮ್ಮು ಸಾಲದೆ ಸೋತು ಆಮೇಲೆ ಈ ಮಾತು ಕಟ್ಟಿದರೋ? ಕಿವಿಯ ಪಕ್ಕದ ಆ ಉಸಿರು ಬಿಟ್ಟುಕೊಡುವವರ ಉಸಿರಿನಂತೆ ಇರಲಿಲ್ಲ. ಕೇಳಿಯೇ ಬಿಡೋಣ ಎಂದು ತಿರುಗಿದರೆ, ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಬೀಗರು ತಮ್ಮ ಎಲೆಯ ಬಾಳೆಹಣ್ಣನ್ನು ನನ್ನ ಎಲೆಗೆ ಸರಿಸಿ ನಕ್ಕರು. ಸುತ್ತಲೂ ತಿರುವಿ ನೋಡಿ ತಿಂದೆ. ಇಷ್ಟು ಒಳ್ಳೆಯ ಬೀಗರು ನಿಮಗೂ ಇದ್ದರೆ ಹೇಗೆ ಸಹಿಸಿಕೊಳ್ಳುತ್ತೀರಿ, ದಯವಿಟ್ಟು ನಾಲ್ಕು ಸಾಲು ಬರೆದು ತಿಳಿಸಿ.