ರೂಟರು ರಿಪೇರಿಯಲ್ಲಿದ್ದ ಭಾನುವಾರಗಳು

ರಿಪೇರಿಗೆ ಕೊಟ್ಟ ವಸ್ತುವನ್ನು ಕೇಳಲು ಹೋಗುವವನ ಮುಖಕ್ಕೆ ತಾನಾಗಿಯೇ ಒಂದು ದೈನ್ಯ ಬಂದುಬಿಡುತ್ತದೆ. ವಸ್ತು ನಮ್ಮದೇ, ಆದರೂ ಅಂಗಡಿಯ ಮುಂದೆ ಹೆಣ್ಣು ಕೇಳಲು ಬಂದ ಬಡ ನೆಂಟರಂತೆ ಕೈಕಟ್ಟಿ ನಿಲ್ಲುತ್ತೇವೆ. ನಾನು ಆಗ ಶಿಡ್ಲಘಟ್ಟದಲ್ಲಿ ಸರ್ಕಾರಿ ಗುಮಾಸ್ತನಾಗಿದ್ದೆ. ಹಗಲೆಲ್ಲ ಜನರಿಗೆ "ನಾಳೆ ಬನ್ನಿ" ಎನ್ನುವುದು, ಸಂಜೆ ಮೋಟರ್ ರಿಪೇರಿ ರವಣಪ್ಪನ ಬಾಯಿಂದ ಅದೇ ಮಾತನ್ನು ಕೇಳಿಸಿಕೊಳ್ಳುವುದು, ಇದು ಕೆಲಕಾಲ ನನ್ನ ದಿನಚರಿಯಾಗಿತ್ತು.

ಕೆಟ್ಟಿದ್ದು ನನ್ನ ರೂಟರು. ಮರದಲ್ಲಿ ಗುಳಿ ಕೊರೆಯುವ, ಕೈಯಲ್ಲಿ ಹಿಡಿಯುವ ವಿದ್ಯುತ್ ಯಂತ್ರ ಅದು. ಒಂದು ಪಟ್ಟಿಯ ತುದಿಯ ನಾಲಿಗೆ ಇನ್ನೊಂದರ ಗುಳಿಯಲ್ಲಿ ಮೊಳೆಯಿಲ್ಲದೆ ಕೂರಬೇಕಾದರೆ ಗುಳಿ ನೇರವಾಗಿರಬೇಕು. ನನ್ನ ಕೈಯ ಉಳಿ ಎಂದೂ ನೇರ ಹೋದದ್ದಿಲ್ಲ. ಬೊಂಬಾಯಿಯ ಭಾವಮೈದುನ ಈ ಯಂತ್ರ ತಂದುಕೊಟ್ಟ ಮೇಲೆ ನಾನು ಬಡಗಿಯೇ ಆಗಿಬಿಟ್ಟೆನೆಂದು ನಂಬಿದೆ. ನನ್ನ ಮೊದಲ ಸ್ಟೂಲಿನ ಮೇಲೆ ಹೆಂಡತಿ ಸರೋಜ ಇವತ್ತಿಗೂ ಕೂರುವುದಿಲ್ಲ, ಆ ಮಾತು ಬೇರೆ. ತೊಂಡೇಬಾವಿಯಲ್ಲಿದ್ದ ತಂಗಿ ಸುಮಿತ್ರ ಮಾತ್ರ ನಂಬಿದಳು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಬಸುರಿಯಾಗಿದ್ದವಳು, "ಅಣ್ಣ, ತೊಟ್ಟಿಲು ಮಾತ್ರ ನಿನ್ ಕೈಯಿಂದ್ಲೇ ಆಗ್ಬೇಕು ಕಣೋ" ಎಂದಿದ್ದಳು. ಹಾಗೆ ಕೇಳಿದವಳಿಗೆ ಇಲ್ಲವೆನ್ನುವುದು ಹೇಗೆ? ರಜೆ ಸಿಗುವುದು ಭಾನುವಾರವಷ್ಟೇ. ಪ್ರತಿ ಭಾನುವಾರ ಬೆಳಿಗ್ಗೆ ಹಿತ್ತಲ ಶೆಡ್ಡಿನಲ್ಲಿ ರೂಟರು ಗುಂಯ್ ಎನ್ನತೊಡಗಿತು.

ಒಂದು ಭಾನುವಾರ ಅದರೊಳಗಿಂದ ನೀಲಿ ಕಿಡಿ ಹಾರಿತು, ಸುಟ್ಟ ವಾಸನೆ ಬಂತು, ಸದ್ದು ನಿಂತಿತು. ಸರೋಜ "ಅಯ್ಯೋ ಪಾಪ" ಎಂದಳು. ಪಾಪ ಅವಳ ಮಾತಿನಲ್ಲಿತ್ತು, ಮುಖದಲ್ಲಿರಲಿಲ್ಲ. ಪಕ್ಕದ ಮನೆಯ ಖಾದರ್ ಸಾಹೇಬರು, ರೇಷ್ಮೆ ನೂಲು ತೆಗೆಸುವ ಘಟಕ ಇಟ್ಟುಕೊಂಡಿದ್ದವರು, ಕಾಂಪೌಂಡಿನಾಚೆಯಿಂದ ತಾವಾಗಿಯೇ ಸಲಹೆ ಕೊಟ್ಟರು: "ನಮ್ ಮೋಟರೆಲ್ಲಾ ನೋಡೋ ರವಣಪ್ಪನ ಹತ್ರ ಕೊಡಿ ಸಾರ್. ನಾನು ಹೇಳ್ತೀನಿ ಅವನಿಗೆ." ಅವರು ಏನು ಹೇಳಿದರೆಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ರವಣಪ್ಪ ಬಹಳ ಮರ್ಯಾದಸ್ಥ. "ರಾಂಡಿ ಸಾರ್, ಕೂತ್ಕೊಳ್ಳಿ" ಎಂದು ತೆಲುಗು ಬೆರೆಸಿ ಒಳಗೆ ಕರೆದು ಪ್ರತಿಸಲವೂ ಟೀ ತರಿಸುತ್ತಿದ್ದ. ಒಮ್ಮೆ ಸಾಮಾನು ಬೆಂಗಳೂರಿನಿಂದ ಬರಬೇಕಾಗಿತ್ತು. ಇನ್ನೊಮ್ಮೆ ಬಂದಿತ್ತು, ಅಳತೆ ಬೇರೆಯಾಗಿತ್ತು. ಮತ್ತೊಮ್ಮೆ ಚಿಂತಾಮಣಿಯ ಯಾರೋ ನೋಡಬೇಕಾಗಿತ್ತು. ಅಷ್ಟರಲ್ಲಿ ತೊಂಡೇಬಾವಿಯಿಂದ ಸುದ್ದಿ ಬಂತು: ಹೆಣ್ಣು ಮಗು, ಮುಂದಿನ ವಾರವೇ ನಾಮಕರಣ. ನನ್ನ ತೊಟ್ಟಿಲು ಇನ್ನೂ ಬರೀ ಹಲಗೆಗಳ ರಾಶಿ. ರವಣಪ್ಪನನ್ನು ಇವತ್ತು ಬಿಡಕೂಡದೆಂದು ಭಾನುವಾರ ಬೆಳಿಗ್ಗೆಯೇ ಹೊರಟೆ. ಅಂಗಡಿಗೆ ಬೀಗ. ಪಕ್ಕದ ಹೂವಿನವಳು, "ಇನ್ನೆಲ್ಲಿರ್ತಾನೆ? ಖಾದರ್ ಸಾಬ್ರ ಮನೇಲಿ ಟಿವಿ ನೋಡ್ತಿರ್ತಾನೆ" ಎಂದಳು.

ಖಾದರ್ ಸಾಹೇಬರ ಮನೆಯೆಂದರೆ ನನ್ನದೇ ಪಕ್ಕದ ಮನೆ! ಬಿರಬಿರನೆ ಹಿಂತಿರುಗಿ ಅವರ ಹಜಾರಕ್ಕೆ ನುಗ್ಗಿದೆ. ಬೀದಿಗೆಲ್ಲ ಇದ್ದದ್ದು ಅದೊಂದೇ ಟಿವಿ; ಇಡೀ ಬೀದಿಯೇ ಅಲ್ಲಿ ಚಾಪೆಯ ಮೇಲೆ ಕೂತಿತ್ತು. ಮುಂದಿನ ಸಾಲಿನಲ್ಲಿ ರವಣಪ್ಪ. ಅವನ ಹಿಂದೆ, ಬಾಯಿಗೆ ಸೆರಗು ಅದುಮಿಕೊಂಡು, ನನ್ನ ಸರೋಜ! ಭಾನುವಾರ ಬೆಳಗಿನ ಧಾರಾವಾಹಿಯಲ್ಲಿ ಯಾವುದೋ ರಾಜನನ್ನು ಅವನ ಮಂತ್ರಿಯೇ ಸೆರೆಮನೆಗೆ ತಳ್ಳುತ್ತಿದ್ದ. ಯಾರೂ ನನ್ನತ್ತ ತಿರುಗಲಿಲ್ಲ. ಖಾದರ್ ಸಾಹೇಬರ ವಯಸ್ಸಾದ ತಾಯಿ ಮಾತ್ರ ಸ್ವಲ್ಪ ಸರಿದು, "ಬೈಠೋ ಬೇಟಾ" ಎಂದರು. ಜಗಳಕ್ಕೆಂದು ಬಂದವನು ಕೂತೆ. ಕೂತಮೇಲೆ ನೋಡಿದೆ. ನೋಡಿದಮೇಲೆ ಆ ಮಂತ್ರಿಯ ಮೇಲೆ ನನಗೂ ಸಿಟ್ಟು ಬಂತು.

ಕಂತು ಮುಗಿದಾಗ ಎಲ್ಲರ ಕಣ್ಣೂ ನನ್ನ ಮೇಲೆ. ಸರೋಜಳೇ ಬಾಯಿಬಿಟ್ಟಳು: "ನಿಮ್ ಮಿಷನ್ ಶುರುವಾದ್ರೆ ಟಿವಿ ತುಂಬಾ ಗೆರೆ ಕಣ್ರೀ. ರಾಜನ ಮುಖದ ಮೇಲೆ ಇರುವೆ ಸಾಲು ಹರಿದಂಗೆ! ಒಂದು ವಾರಾನೂ ನೆಟ್ಟಗೆ ನೋಡಕ್ಕಾಗ್ಲಿಲ್ಲ."

"ಮೊದಲೇ ಹೇಳಬಾರದಿತ್ತಾ?" ಎಂದೆ.

ಖಾದರ್ ಸಾಹೇಬರು ತಲೆ ತಗ್ಗಿಸಿದರು. "ಬಸುರಿ ಹೆಣ್ಮಗಳಿಗೆ ತೊಟ್ಲು ಮಾಡ್ತಿದ್ರಿ. ನಿಲ್ಸಿ ಅಂತ ಯಾವ ಬಾಯಲ್ಲಿ ಹೇಳೋದು ಸಾರ್? ಅದು ತಾನಾಗೇ ಕೆಟ್ಟಾಗ, ಅಲ್ಲಾನೇ ದಾರಿ ತೋರ್ಸಿದ ಅನ್ಕೊಂಡ್ವಿ. ನಿಧಾನಕ್ಕೆ ಮಾಡಪ್ಪ ಅಂತ ಇವನಿಗೆ ಹೇಳಿದ್ದು ನಾನೇ."

"ರೆಡಿಯಾಗಿ ಬಾಳ ದಿನ ಆಯ್ತು ಸಾರ್," ರವಣಪ್ಪ ಗೊಣಗಿದ. "ಬಟ್ಟೇಲಿ ಸುತ್ತಿ ಮಡಗಿದ್ದೀನಿ."

ಮುಂದಿನ ವಾರವೇ ನಾಮಕರಣ, ತೊಟ್ಟಿಲು ಇನ್ನೂ ಹಲಗೆಗಳ ರಾಶಿ ಎಂದು ಹೇಳಿದೆ. ಮುದುಕಮ್ಮ ಮಗನಿಗೆ ಉರ್ದುವಿನಲ್ಲಿ ಏನೋ ಗದರಿದರು. ಸಾಹೇಬರು ಅಟ್ಟ ಹತ್ತಿ ಒಂದು ಹಳೆಯ ತೇಗದ ತೊಟ್ಟಿಲನ್ನು ಇಳಿಸಿದರು. "ಇದ್ರಲ್ಲೇ ಈ ಖಾದರ್ ಬೆಳ್ದಿದ್ದು. ತಗೊಂಡೋಗಪ್ಪ, ಮಗು ಮಲಗ್ಲಿ" ಎಂದರು ಅಜ್ಜಿ. ಅದರ ಒಂದು ಅಡ್ಡಪಟ್ಟಿ ಸಡಿಲವಾಗಿತ್ತು. ಸಂಜೆಯವರೆಗೂ ಕೂತು, ಬರೀ ಉಳಿ ಸುತ್ತಿಗೆ ಹಿಡಿದು, ಬೆಣೆ ಕೊಟ್ಟು ಬಿಗಿ ಮಾಡಿದೆ. ಅದೊಂದೇ ಪಟ್ಟಿ ಇವತ್ತಿಗೂ ಸ್ವಲ್ಪ ಓರೆ.

ಬಸ್ಸಿನ ಟಾಪಿನ ಮೇಲೆ ಕಟ್ಟಿ, ಚಿಕ್ಕಬಳ್ಳಾಪುರದಲ್ಲಿ ಇಳಿಸಿ ಹತ್ತಿಸಿ, ತೊಟ್ಟಿಲನ್ನು ತೊಂಡೇಬಾವಿಗೆ ಮುಟ್ಟಿಸಿದೆ. ಕೂಸು ಮಲಗಿದ ತಕ್ಷಣ ಅಳು ನಿಲ್ಲಿಸಿತು. ಇದು ನಾನು ಮಾಡಿದ್ದಲ್ಲವೆಂದು ಸುಮಿತ್ರಳಿಗೆ ಎಲ್ಲ ಹೇಳಿದೆ. ಅವಳು ಅಜ್ಜಿಯ ಹೆಸರು ಕೇಳಿ ತಿಳಿದುಕೊಂಡು, ಓರೆಯಾದ ಪಟ್ಟಿಯ ಮೇಲೆ ಕೈಯಾಡಿಸಿ, "ಇದು ಮಾತ್ರ ನಿನ್ನ ಕೆಲ್ಸ ಅಂತ ಯಾರೂ ಹೇಳೋದೇ ಬೇಡ ಬಿಡೋ" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಊರಿಗೆ ಮರಳಿದ ಮೇಲೆ ರವಣಪ್ಪ ಬಸ್ ಸ್ಟ್ಯಾಂಡಿನಲ್ಲೇ ಎದುರಾದ. ಮುಖದಲ್ಲಿ ಪಶ್ಚಾತ್ತಾಪ. "ಸಾರ್, ಮಿಷನ್ನು ಶನಿವಾರಾನೇ ಮನೆಗೆ ತಂದುಕೊಡ್ತೀನಿ. ಭಾನುವಾರ ಬೆಳಿಗ್ಗೆ ಧಾರಾಳವಾಗಿ ಓಡ್ಸಿ."

ನಾನು ಯೋಚಿಸಿದೆ. ರಾಜ ಇನ್ನೂ ಸೆರೆಮನೆಯಲ್ಲೇ ಇದ್ದ. ರಾಣಿಗೆ ವಿಷಯವೇ ಗೊತ್ತಿರಲಿಲ್ಲ.

"ಅವಸರ ಏನಿಲ್ಲಪ್ಪ," ಎಂದೆ. "ಇನ್ನೊಂದ್ಸಲ ಚಿಂತಾಮಣಿಯವರಿಗೆ ತೋರ್ಸಿಬಿಡು."