ಗೆಜೀನಳ ಬರಿಹೊಟ್ಟೆ

ತಪ್ಪೆಲ್ಲ ಒಂದು ಪದದ್ದು. ಹೊಟ್ಟೆಗೆ ಏನೂ ಬಿದ್ದಿಲ್ಲದಿದ್ದರೂ ‘ನ್ಯುಶ್ಟರ್ನ್’, ಹೆಂಡ ಕುಡಿದಿಲ್ಲದಿದ್ದರೂ ‘ನ್ಯುಶ್ಟರ್ನ್’. ಜರ್ಮನ್ ಭಾಷೆ ಈ ವಿಷಯದಲ್ಲಿ ಬಹಳ ಜಿಪುಣ.

ಬಸುರಿಯಾಗಿದ್ದಾಗ ಗೆಜೀನಳಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಹೆರಿಗೆಯಾದ ಮೇಲೆ ಅದು ಹೋಯಿತೋ, ಬಿಡಾರ ಹೂಡಿತೋ, ಬರಿಹೊಟ್ಟೆಯ ಪರೀಕ್ಷೆಯೇ ಹೇಳಬೇಕು. ಅವಳ ಅಮ್ಮನ ಎರಡೂ ಕಣ್ಣುಗಳನ್ನು ಇದೇ ಸಕ್ಕರೆ ತಿಂದಿತ್ತು. ಹಾಗಿದ್ದೂ ಎರಡು ಸಲ, ಹಾಲೂಡಿಸಿದ ಹಸಿವಿಗೆ ಸೋತು, ಬೆಳಗ್ಗೆ ಬ್ರೆಡ್ ಕಚ್ಚಿ ಪರೀಕ್ಷೆ ಕೆಡಿಸಿಕೊಂಡಿದ್ದಳು.

ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿಯುತ್ತ ಗಂಡನಿಗೆ ಫೋನಿನಲ್ಲಿ ಹೇಳಿದಳು: “ಎರಡು ಸಲ ತಡ್ಕೊಳ್ಳೋಕಾಗ್ಲಿಲ್ಲ. ಇವತ್ತು ಡಾಕ್ಟರ್ ಹತ್ರ ನ್ಯುಶ್ಟರ್ನ್ ಆಗೇ ಹೋಗ್ತೀನಿ, ನಿನ್ನಾಣೆ.”

ಆ ವಾರ ಮೆಟ್ಟಿಲು ಗುಡಿಸುವ ಸರದಿ ಕೆಳಮನೆಯ ಹಿರಿಯಾಕೆ ಫ್ರೌ ಹೇಬರ್ಲೆಯವರದು. ಆ ಮಾತು ಕಿವಿಗೆ ಬಿದ್ದದ್ದೇ ಪೊರಕೆ ನಿಂತಿತು.

“ಕೈ ನಡುಗ್ತಿದೆಯಲ್ಲೇ ಮಗಳೇ!”

“ನಿನ್ನೆ ಸಂಜೆಯಿಂದ ಏನೂ ಮುಟ್ಟಿಲ್ಲ, ಅದಕ್ಕೇ.”

“ನಿನ್ನೆಯಿಂದ ಅಷ್ಟೇನಾ? ಹಾಲು ಕುಡಿಸೋ ತಾಯಿ! ಕೊಡು ಇಲ್ಲಿ ಕಂದನ್ನ. ನಮ್ಮನೆಯವರಿಗೂ ನಾನೇ ಬಿಡಿಸಿದ್ದು.”

ಏನನ್ನು ಎಂದು ಕೇಳುವ ತ್ರಾಣ ಗೆಜೀನಳಿಗಿರಲಿಲ್ಲ.

ಮಗುವನ್ನೆತ್ತಿಕೊಂಡು ಜೊತೆಗೇ ಹೊರಟ ಫ್ರೌ ಹೇಬರ್ಲೆ ಟ್ರಾಮಿನಲ್ಲಿ ಸಾರಿದರು: “ಜಾಗ ಬಿಡ್ರಪ್ಪಾ! ಈ ಹುಡುಗಿ ಇವತ್ತು ನ್ಯುಶ್ಟರ್ನ್!” ಜನ ಚಪ್ಪಾಳೆ ತಟ್ಟಿದರು. ಒಬ್ಬಾತ ಬಿಯರ್ ಬಾಟಲಿಯನ್ನು ಕೋಟಿನೊಳಗೆ ಅಡಗಿಸಿದ. ಸಕ್ಕರೆಯವರ ಮೇಲೆ ಈ ಊರಿಗೆ ಇಷ್ಟು ಕರುಣೆಯೇ ಎಂದು ಗೆಜೀನಳ ಕಣ್ಣು ತುಂಬಿತು.

ದವಾಖಾನೆಯಲ್ಲಿ ನರ್ಸ್ ರಕ್ತ ತೆಗೆದು, ಪರೀಕ್ಷೆಗೆಂದು ಒಂದು ಲೋಟ ಸಕ್ಕರೆ ಪಾನಕ ಕೈಗಿತ್ತಳು. “ಕಣ್ಮುಚ್ಚಿ ಕುಡಿದ್ಬಿಡಿ.”

ಅರ್ಧ ಗಂಟಲಿಗಿಳಿದಿತ್ತು. ಬಾಗಿಲು ಧಡಾರೆಂದಿತು.

“ದವಾಖಾನೇಲೇ ಕುಡಿಸ್ತೀರಾ, ಪಾಪಿಗಳಾ!” ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಕಸಿದ ಲೋಟ. ಚೆಲ್ಲಲು ಜಾಗ ಕಾಣದೆ ಫ್ರೌ ಹೇಬರ್ಲೆ ಉಳಿದದ್ದನ್ನು ತಾವೇ ಗಟಗಟ ಏರಿಸಿ, ತಲೆ ತಿರುಗಿ ಕುರ್ಚಿಗೆ ಕುಸಿದರು.

ನರ್ಸ್ ಗಾಬರಿಯಿಂದ ಅವರ ಬೆರಳು ಚುಚ್ಚಿದಳು. ಯಂತ್ರ ನೋಡಿದವಳೇ ಡಾಕ್ಟರನ್ನು ಕೂಗಿದಳು. ಅರ್ಧ ಲೋಟಕ್ಕೆ, ಅದೂ ಅರೆಕ್ಷಣದಲ್ಲಿ, ಅಷ್ಟೊಂದು ಏರುವುದಿಲ್ಲ. ಸಕ್ಕರೆ ಅವರ ಮೈಯಲ್ಲಿ ವರ್ಷಗಳಿಂದ ಸುಖವಾಗಿ ಸಂಸಾರ ಮಾಡಿಕೊಂಡಿತ್ತು.

“ನನ್ನದು?” ಗೆಜೀನ ನರ್ಸನ್ನು ಕೇಳಿದಳು.

“ಅರ್ಧ ಕುಡಿದ್ರೆ ಏನೂ ಹೇಳೋಕಾಗಲ್ಲ. ಇನ್ನೊಂದು ದಿನ ಬನ್ನಿ.”

ಗೆಜೀನ ಬಿಕ್ಕಿದಳು. ಡಾಕ್ಟರ್ ಮಲಗಿಸಿದ್ದ ಮಂಚದ ಮೇಲಿಂದ ಫ್ರೌ ಹೇಬರ್ಲೆ ಅವಳ ಕೈ ಹಿಡಿದು ಸಂತೈಸಿದರು: “ಅಳಬೇಡ್ವೇ. ಈ ಹಾಳು ಸಕ್ಕರೆ ನಂಗಿದ್ರೆ ಇರಲಿ, ನಿಂಗಿಲ್ವಲ್ಲ! ನಿಂದು ಕುಡಿತ ತಾನೇ, ಬಿಡಿಸೋಣ.”